ಹೊಸ ಕಂಪ್ಯೂಟರ್ ಬೇಡ, ಇರುವುದನ್ನು ಸರಿಪಡಿಸಿ ಕೊಡಿ

ನಮ್ಮ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ತೀರಾ ನಿಧಾನವಾಗಿ ಓಡುತ್ತಿರುವ ಕಂಪ್ಯೂಟರ್ ಬಗ್ಗೆ ಇವತ್ತು ಬರೆಯಲೇಬೇಕು. ಬಾಯಿಮಾತಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಊರಿನ ಹೆಸರು ಬೇಡ, ದಾವಣಗೆರೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಎಂದು ತಿಳಿದರೆ ಸಾಕು. ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿ ಬದುಕುವವನು. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ಅಂಗಡಿಗೆ ಬರುವವರು ಹೇಳುವ ಮಾತೂ ಹೆಚ್ಚುಕಡಿಮೆ ಇದೇ ಆಗಿರುವುದರಿಂದ ಇದನ್ನು ಒಂದೇ ಊರಿನ ದೂರು ಎಂದು ಯಾರೂ ಓದಬಾರದು.

ಮಾನಿಟರ್ ಹಿಂದೆ ಅಡಗಿ ಕುಳಿತುಕೊಳ್ಳುವ ಪುಟ್ಟ ಡೆಸ್ಕ್‌ಟಾಪ್ ಅದು. ಟೈನಿ, ಮಿನಿ, ಮೈಕ್ರೊ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟು ಮಾರುವ ವರ್ಗದ್ದು. ನನಗೆ ಈ ಪುಟ್ಟ ಪೆಟ್ಟಿಗೆಗಳ ಮೇಲೆ ನಿಜವಾದ ಗೌರವವಿದೆ. ಒಳಗಿರುವ ಪ್ರೊಸೆಸರ್ 35 ವಾಟ್‌ನದು, ಹೊರಗಿನ ಅಡಾಪ್ಟರ್ 65 ವಾಟ್‌ನದು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಸಾಧಾರಣ ಇನ್ವರ್ಟರ್ ಮೇಲೂ ಓಡುತ್ತದೆ. ಹಳ್ಳಿಯ ಗ್ರಂಥಾಲಯಕ್ಕೆ ಇದಕ್ಕಿಂತ ಒಪ್ಪುವ ಯಂತ್ರ ಇಲ್ಲ. ಅದನ್ನು ಆರಿಸಿ ತಂದವರು ಯಾರೇ ಆಗಿರಲಿ, ತಿಳಿದೇ ತಂದಿದ್ದಾರೆ. ತಂದು ಇಟ್ಟ ಮೇಲೆ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ ಎಂಬುದೇ ನನ್ನ ಸಂಕಟ.

ಈಗ ಅದರ ಸ್ಥಿತಿ ಹೇಗಿದೆ ಎಂದರೆ, ಬೆಳಿಗ್ಗೆ ಗ್ರಂಥಪಾಲಕಿ ಬಂದು ಗುಂಡಿ ಒತ್ತಿ, ಕಸ ಗುಡಿಸಿ, ದಿನಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸಿ ಬರುವಷ್ಟರಲ್ಲಿ ಪರದೆ ತೆರೆದುಕೊಂಡರೆ ಅದೃಷ್ಟ. ಬ್ರೌಸರ್ ತೆರೆದರೆ ಮತ್ತೆ ಕಾಯಬೇಕು. ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗಳಿಗೆ ಓದುವ ಹುಡುಗರು, ಎಸ್‌ಎಸ್‌ಪಿ ಎಂಬ ಸರ್ಕಾರಿ ಜಾಲತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕಾದ ಹೆಣ್ಣುಮಕ್ಕಳು ಅದರ ಮುಂದೆ ಕುಳಿತು, ಬೇಸತ್ತು, ಕೊನೆಗೆ ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್‌ಗೆ ಹೋಗುತ್ತಾರೆ. ಬಸ್ ಚಾರ್ಜು, ಅರ್ಜಿ ತುಂಬಿಸಿದ್ದಕ್ಕೆ ಒಂದಿಷ್ಟು, ಪ್ರಿಂಟ್‌ಗೆ ಒಂದಿಷ್ಟು. ಇದರ ಮೇಲೆ ಅಪ್ಪನ ಒಂದು ದಿನದ ಕೂಲಿಯೂ ಹೋಗುತ್ತದೆ, ಏಕೆಂದರೆ ಮಗಳೊಬ್ಬಳನ್ನೇ ಕಳುಹಿಸಲು ಮನೆಯವರು ಒಪ್ಪುವುದಿಲ್ಲ. ಒಂದು ನಿಧಾನ ಹಾರ್ಡ್ ಡಿಸ್ಕ್‌ಗೆ ಬೆಲೆ ತೆರುತ್ತಿರುವವರು ಇವರು.

ಹೌದು, ತೊಂದರೆ ಇರುವುದು ಹಾರ್ಡ್ ಡಿಸ್ಕ್‌ನಲ್ಲಿ. ದೂಳು ತೆಗೆಯುವುದಕ್ಕೆ ಮಾತ್ರ ಎಂಬ ಒಪ್ಪಿಗೆ ಸಿಕ್ಕಾಗ ಅದನ್ನು ನಾನೇ ಬಿಚ್ಚಿ ನೋಡಿದ್ದೇನೆ. ಹಿಂದೆ ಒಂದೇ ಸ್ಕ್ರೂ, ಮುಚ್ಚಳ ಜಾರಿ ಬರುತ್ತದೆ. ಗ್ರಂಥಾಲಯದ ಮುಂದಿನ ರಸ್ತೆಯಲ್ಲೇ ಮೆಕ್ಕೆಜೋಳ ಒಣಗಿಸುತ್ತಾರೆ, ಒಕ್ಕಣೆಯೂ ಪಕ್ಕದಲ್ಲೇ. ಆ ಹೊಟ್ಟೆಲ್ಲ ಫ್ಯಾನ್‌ನ ರೆಕ್ಕೆಗಳಿಗೂ ಹೀಟ್‌ಸಿಂಕ್‌ಗೂ ಮೆತ್ತಿಕೊಂಡಿತ್ತು. ಬ್ರಷ್ಷಿನಲ್ಲಿ ಕೆದಕಿದರೆ ಹಳದಿ ಪುಡಿ ಪದರ ಪದರವಾಗಿ ಕಳಚಿ ಬಿತ್ತು. ಅದರ ಕೆಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕ್. ರ‍್ಯಾಮ್ ಕೂರಿಸಲು ಎರಡು ಸ್ಲಾಟ್‌ಗಳಿವೆ. ಒಂದರಲ್ಲಿ 4 ಜಿಬಿಯ ಪಟ್ಟಿ. ಇನ್ನೊಂದು ಖಾಲಿ. ಅದರ ಬಂಗಾರದ ಬಣ್ಣದ ಕಾಲುಗಳು ಕಾರ್ಖಾನೆಯಿಂದ ಬಂದ ಹಾಗೆಯೇ ಹೊಳೆಯುತ್ತಿದ್ದವು.

ಆ ಖಾಲಿ ಸ್ಲಾಟ್ ನೋಡಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಮುಂದೆ ಬೇಕಾದೀತು ಎಂದು ತಯಾರಿಸಿದವನು ಜಾಗ ಬಿಟ್ಟಿದ್ದಾನೆ. ಅಲ್ಲಿ ಇನ್ನೊಂದು ಪಟ್ಟಿ ಕೂರಿಸಿ, ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಡಿಸ್ಕ್, ಹಾಕಿದರೆ ಕೆಲಸ ಮುಗಿಯಿತು. ತಿರುಗುವ ಡಿಸ್ಕ್ ಅಲ್ಲಲ್ಲಿ ಚದುರಿದ ಸಣ್ಣ ಸಣ್ಣ ಮಾಹಿತಿಯನ್ನು ಹುಡುಕಿ ತರಬೇಕಾದರೆ ಅದರ ಮುಳ್ಳು ಪ್ರತಿ ಸಲವೂ ಸರಿಯಾದ ಜಾಗಕ್ಕೆ ಸರಿದು, ತಟ್ಟೆ ಸುತ್ತಿ ಬರುವವರೆಗೆ ಕಾಯಬೇಕು. ಹಾಗಾಗಿ ಸೆಕೆಂಡಿಗೆ ನೂರು ಸಲದ ಆಸುಪಾಸಿನಲ್ಲಿ ತಂದುಕೊಟ್ಟರೆ ಹೆಚ್ಚು. ಸಾಧಾರಣ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದೇ ಕೆಲಸವನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಪ್ರೊಸೆಸರ್ ಇವತ್ತಿಗೂ ಗಟ್ಟಿಯಾಗಿದೆ. ಆದರೆ ಮಾಹಿತಿ ಕೈಗೆ ಬರುವವರೆಗೆ ಸುಮ್ಮನೆ ಕುಳಿತಿರುತ್ತದೆ.

ನಮ್ಮ ಕಡೆ ಕೊಳವೆಬಾವಿಯ ಮೋಟಾರ್ ಸುಟ್ಟರೆ ಯಾರಾದರೂ ಎಸೆಯುತ್ತಾರೆಯೇ? ರಾತ್ರೋರಾತ್ರಿ ಮೇಲೆತ್ತಿ, ಟ್ರ್ಯಾಕ್ಟರ್‌ಗೆ ಹಾಕಿಕೊಂಡು ಬಂದು, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುತ್ತಾರೆ. ತೋಟ ಒಣಗುತ್ತದೆ ಎಂಬ ಭಯ ಇರುವವನಿಗೆ ಪ್ರಸ್ತಾವನೆ, ಕಡತ ಎಂದು ಕೂರಲು ಆಗುವುದಿಲ್ಲ. ಮಕ್ಕಳ ಓದಿನ ವಿಷಯದಲ್ಲಿ ಆ ತುರ್ತು ಯಾಕಿಲ್ಲ?

ನಾನು ಕೇಳಿದಾಗಲೆಲ್ಲ ಸಿಕ್ಕ ಉತ್ತರ ಒಂದೇ: ಮೇಲ್ದರ್ಜೆಗೇರಿಸಲು ಪ್ರಸ್ತಾವನೆ ಹೋಗಿದೆ. ಸರಿ, ನಾವೇ ಊರಿನ ಯುವಕರು ಸೇರಿ ಹಣ ಹಾಕುತ್ತೇವೆ, ಕೂಲಿ ಇಲ್ಲದೆ ನಾನೇ ಕೂರಿಸಿಕೊಡುತ್ತೇನೆ ಎಂದೆ. ಆಗ ಗ್ರಂಥಪಾಲಕಿ ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. "ಅಣ್ಣಾ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಇದು ದಾಸ್ತಾನು ವಹಿಯಲ್ಲಿ ಏರಿರುವ ವಸ್ತು. ಹಳೆಯ ಡಿಸ್ಕ್ ಎಲ್ಲಿ ಎಂದು ನಾಳೆ ಯಾರಾದರೂ ಕೇಳಿದರೆ ನಿಂತು ಹೇಳಬೇಕಾದವಳು ನಾನು." ಆಕೆ ಹೇಳಿದ್ದರಲ್ಲಿ ಏನು ತಪ್ಪಿದೆ? ಅಲ್ಪ ಗೌರವಧನಕ್ಕೆ ದುಡಿಯುವ ಹೆಣ್ಣುಮಗಳ ತಲೆಗೆ ಈ ಹೊಣೆ ಕಟ್ಟಲು ನಾನು ಸಿದ್ಧನಿಲ್ಲ. ಹೊಸದು ಕೊಂಡರೆ ಉದ್ಘಾಟನೆ ಇದೆ, ಫೋಟೊ ಇದೆ. ರ‍್ಯಾಮ್ ಹಾಕಿಸಿದರೆ ಯಾವ ಫೋಟೊವೂ ಇಲ್ಲ. ಸಣ್ಣ ದುರಸ್ತಿಗೆ ಹೆಸರು ಹೇಳಿ ಹಣ ಎತ್ತಿಡುವ ಅಭ್ಯಾಸವೇ ನಮ್ಮ ವ್ಯವಸ್ಥೆಗೆ ಬರಲಿಲ್ಲ.

ಹಣ ಇಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಕಾಲದಿಂದಲೂ ಮನೆ, ಜಾಗದ ತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ರಸೀದಿ ತೆಗೆದು ನೋಡಿ. ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಸೇರಿದಾಗ ನಾವೂ ಹೆಮ್ಮೆಪಟ್ಟಿದ್ದೇವೆ. ಆ ನಗರಕ್ಕೆ ಗಂಟೆಯ ದೂರದಲ್ಲಿರುವ ಹಳ್ಳಿಯ ಮಗುವಿಗೆ ತಟ್ಟನೆ ತೆರೆದುಕೊಳ್ಳುವ ಒಂದು ಕಂಪ್ಯೂಟರ್ ಕೇಳುವುದು ದೊಡ್ಡ ಬೇಡಿಕೆಯಲ್ಲ.

ತಡವಾದಷ್ಟೂ ಕೆಲಸ ಕಷ್ಟವಾಗುತ್ತಿದೆ. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು ಸಾಮಾನ್ಯ ನಿಯಮದಂತೆ 2025ರ ಅಕ್ಟೋಬರ್ 14ಕ್ಕೆ ಮುಗಿದವು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ನಮ್ಮದು ಆರನೆಯದು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದ ಪ್ರೊಸೆಸರ್‌ಗೆ ಅಧಿಕೃತವಾಗಿ ಪ್ರವೇಶವಿಲ್ಲ. ಇತ್ತ ಎಐಗಾಗಿ ಕಟ್ಟುತ್ತಿರುವ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರತೊಡಗಿತು. ನಾವೆಲ್ಲ ಧಾರಾಳವಾಗಿ ಮಾರುತ್ತಿದ್ದ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಮೈಕ್ರಾನ್ ಕಂಪನಿ ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಪ್ರಸ್ತಾವನೆ ಮೊದಲು ಹೋದ ದಿನಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದ ಅದೇ ಪಟ್ಟಿಗೆ ಇವತ್ತು ಹೆಚ್ಚು ತೆರಬೇಕು.

ಹಾಗಾದರೆ ಗುಜರಿಗೆ ಹಾಕಿ ಎನ್ನುವವರಿದ್ದಾರೆ. ಖಂಡಿತ ಬೇಡ. ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿ. ಅದರದೇ ಒಂದು ಬಗೆಯಾದ ಲಿನಕ್ಸ್ ಮಿಂಟ್ 22 ಉಚಿತ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಈ ಯಂತ್ರದ ಮೇಲೆ ಹಗುರವಾಗಿ ಓಡುತ್ತದೆ. ಕನ್ನಡ ಹೇಗೆ ಎಂದು ಕೇಳುತ್ತೀರಿ. ನುಡಿ ತಂತ್ರಾಂಶ ಬಳಸಿದವರಿಗೆ ಗೊತ್ತಿರುವ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಇದೆ, ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು, ಯೂನಿಕೋಡ್‌ನಲ್ಲೇ ಮೂಡುತ್ತದೆ. ಪಕ್ಕದ ಕೇರಳದಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ ಸರ್ಕಾರಿ ಶಾಲೆಯ ಮಕ್ಕಳು ಕಲಿಯುತ್ತಿದ್ದಾರೆ. ಅಲ್ಲಿನ ಮಕ್ಕಳಿಗೆ ಆಗುವುದು ನಮ್ಮ ಮಕ್ಕಳಿಗೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಸುಮ್ಮನಿರುವುದಿಲ್ಲ.

ಮುಂದಿನ ಗ್ರಾಮಸಭೆಗೆ ಲಿಖಿತ ಮನವಿ ಸಿದ್ಧ ಮಾಡಿದ್ದೇನೆ. ಒಂದು ಎಸ್‌ಎಸ್‌ಡಿ, ಒಂದು 4 ಜಿಬಿ ರ‍್ಯಾಮ್ ಪಟ್ಟಿ, ಇವುಗಳನ್ನು ಗ್ರಾಮಸ್ಥರಿಂದ ದೇಣಿಗೆಯಾಗಿ ಪಡೆದು ದಾಸ್ತಾನು ವಹಿಗೆ ಸೇರಿಸಲು ಪಂಚಾಯಿತಿ ಒಪ್ಪಬೇಕು. ತೆಗೆದ ಹಾರ್ಡ್ ಡಿಸ್ಕ್ ಅನ್ನು ಮೊಹರು ಮಾಡಿ ಪಂಚಾಯಿತಿ ಕಚೇರಿಯಲ್ಲೇ ಇಡಬೇಕು. ಕೆಲಸ ಪಿಡಿಒ ಅವರ ಎದುರಿನಲ್ಲೇ ನಡೆಯಬೇಕು, ಗ್ರಂಥಪಾಲಕಿಯ ಮೇಲೆ ಯಾವ ಹೊಣೆಯೂ ಬರದಂತೆ ನಡಾವಳಿಯಲ್ಲಿ ಬರೆಯಬೇಕು. ಊರಿನವರು ಸಹಿ ಹಾಕಲು ಬನ್ನಿ, ಮುಖ್ಯವಾಗಿ ಪರೀಕ್ಷೆಗೆ ಓದುತ್ತಿರುವವರು. ನಿಮ್ಮ ಊರಿನಲ್ಲೂ ಇದೇ ಸ್ಥಿತಿ ಇದ್ದರೆ ಮನವಿಯ ಪ್ರತಿ ಕಳುಹಿಸುತ್ತೇನೆ, ಊರಿನ ಹೆಸರು ಬದಲಿಸಿಕೊಂಡು ಬಳಸಿ.