ಹಣೆ ಮೇಲೆ ಮೂರು ಹಸಿರು ದೀಪ

"ಅಷ್ಟು ದೊಡ್ಡ ಗೂಢಚಾರ ಅಂತೀಯ. ಹಣೆ ಮೇಲೆ ಮೂರು ಹಸಿರು ದೀಪ ಹಚ್ಕೊಂಡು ಯಾರಾದ್ರೂ ಕದ್ದು ಹೋಗ್ತಾರೇನೋ?"

ಅಮ್ಮನ ಈ ಪ್ರಶ್ನೆಗೆ ನನ್ನ ಅಕ್ಕನ ಮಗನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಇಪ್ಪತ್ತು ವರ್ಷದಿಂದ ಇಲ್ಲ.

2025ರ ಅಕ್ಟೋಬರ್. ಕಾವೇರಿ ಸಂಕ್ರಮಣಕ್ಕೆಂದು ಹುಡುಗ ಬೆಂಗಳೂರಿನಿಂದ ಬಂದಿದ್ದ. ತಲಕಾವೇರಿಗೆ ಹೋಗಿ ತೀರ್ಥ ತಂದದ್ದಾಯಿತು. ಸಂಜೆ ಸುಂಟಿಕೊಪ್ಪದ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿದ. ಮೂರು ದಿನದ ಹಿಂದಷ್ಟೇ ನೆಟ್‌ಫ್ಲಿಕ್ಸ್‌ಗೆ ಬಂದಿದ್ದ 'ಸ್ಪ್ಲಿಂಟರ್ ಸೆಲ್: ಡೆತ್‌ವಾಚ್' ಅನ್ನುವ ಆನಿಮೇಷನ್ ಸರಣಿಯ ಎಂಟೂ ಕಂತು ಅದರಲ್ಲಿದ್ದವು. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಇಂಟರ್ನೆಟ್ ಮಲಗುತ್ತದೆ ಅಂತ ಅವನಿಗೆ ಗೊತ್ತು. ಬರುವಾಗಲೇ ಇಳಿಸಿಕೊಂಡು ಬಂದಿದ್ದ.

ಆ ಹೆಸರು ಕೇಳಿ ನನಗೇ ಜಾಸ್ತಿ ಖುಷಿಯಾಯಿತು. ಸರಣಿಗೆ ಮೂಲವಾದ ವಿಡಿಯೋ ಆಟ 2002ರದ್ದು, ಯೂಬಿಸಾಫ್ಟ್ ಕಂಪನಿಯದ್ದು. ನಾಯಕ ಸ್ಯಾಮ್ ಫಿಶರ್ ಅನ್ನುವ ಗೂಢಚಾರ. ಅಮ್ಮ ಹೇಳಿದ ಹಸಿರು ದೀಪ ಅವನ ಮೂರು ಕಣ್ಣಿನ ಕನ್ನಡಕದ್ದು. ಅದನ್ನು ಹಾಕಿಕೊಂಡರೆ ಅವನಿಗೆ ಕತ್ತಲಲ್ಲೂ ಎಲ್ಲ ಕಾಣುತ್ತದೆ. ಎದುರಿಗಿದ್ದ ಕಾವಲುಗಾರನಿಗೆ ಮಾತ್ರ, ಕತ್ತಲಲ್ಲಿ ಹೊಳೆಯುವ ಮೂರು ಹಸಿರು ಚುಕ್ಕೆ ಕಾಣುವುದಿಲ್ಲ. ಯಾಕೆ ಅಂತ ಕೇಳಬಾರದು.

ನಾನು ಆಡಿದ್ದು ಅದರ ಮುಂದಿನ ಭಾಗಗಳಲ್ಲೊಂದು, 2005ರಲ್ಲಿ ಬಂದ 'ಕೇಯಾಸ್ ಥಿಯರಿ'. ಮಡಿಕೇರಿಯಲ್ಲಿ ಗೆಳೆಯನ ರೂಮು, ಅವನದೇ ಕಂಪ್ಯೂಟರ್. ಅದರಲ್ಲಿ ಪರದೆಯ ಮೂಲೆಗೆ ಎರಡು ಪಟ್ಟಿ. ನಮ್ಮ ಮೇಲೆ ಎಷ್ಟು ಬೆಳಕು ಬಿದ್ದಿದೆ ಅನ್ನುವುದಕ್ಕೆ ಒಂದು, ನಾವು ಎಷ್ಟು ಸದ್ದು ಮಾಡುತ್ತಿದ್ದೇವೆ ಅನ್ನುವುದಕ್ಕೆ ಇನ್ನೊಂದು. ಸದ್ದಿನ ಪಟ್ಟಿಯಲ್ಲಿ ಒಂದು ಸಣ್ಣ ಗುರುತೂ ಇತ್ತು. ಸುತ್ತಮುತ್ತಲಿನ ಗದ್ದಲ ಎಷ್ಟಿದೆ ಅಂತ ಅದು ತೋರಿಸುತ್ತಿತ್ತು. ನಮ್ಮ ಸದ್ದು ಆ ಗುರುತಿನ ಕೆಳಗಿದ್ದರೆ ಯಾರಿಗೂ ಕೇಳಿಸದು.

ಇದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿಯ ಮಧ್ಯಾಹ್ನ ತೋಟದಲ್ಲಿ ಹತ್ತು ಹೆಜ್ಜೆ ನಡೆದು ನೋಡಿ. ಸಿಲ್ವರ್ ಓಕ್‌ನ ಒಣ ಎಲೆ ಕಾಲಡಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಕಾಡುಕೋಳಿ ಕೆದಕಿದರೂ ಕಾಡೆಮ್ಮೆ ಬಂತೇನೋ ಅನ್ನಿಸುತ್ತದೆ. ಅದೇ ಜುಲೈನಲ್ಲಿ, ತಗಡಿನ ಶೀಟಿನ ಮೇಲೆ ಮಳೆ ಸುರಿಯುವಾಗ, ಅಡುಗೆಮನೆಯಿಂದ ಕಾಫಿಗೆ ಕರೆದದ್ದು ಜಗಲಿಗೆ ಕೇಳುವುದಿಲ್ಲ. ಹಾಗಂತ ಬೇಸಿಗೆಯಲ್ಲಿ ಕಳ್ಳರು ಬರುವುದಿಲ್ಲ ಅಂದುಕೊಳ್ಳಬೇಡಿ. ಒಂದು ವರ್ಷ ಕಣದಲ್ಲಿ ಒಣಗಲು ಹಾಕಿದ್ದ ಕಾಫಿಯಲ್ಲಿ ಎರಡು ಮೂಟೆಯಷ್ಟು ಹೋಯಿತು. ನಾವು ಜಗಲಿಯಲ್ಲೇ ಮಲಗಿದ್ದೆವು. ಬಂದವನು ಬೆಳಗಿನ ಜಾವದವರೆಗೆ ಕಾದಿದ್ದ. ಇಬ್ಬನಿಗೆ ಎಲೆಯೆಲ್ಲ ಮೆತ್ತಗಾಗಿತ್ತು. ಸಿಟ್ಟು ಬಂತು, ನಿಜ. ಒಳಗೊಳಗೇ ಒಂಚೂರು ಮೆಚ್ಚಿಗೆಯೂ ಆಯಿತು.

ಆಟದ ಮಜಾ ಇದ್ದದ್ದು ಈ ಕಾಯುವುದರಲ್ಲಿ. ಬಾಗಿಲ ಹಿಂದೆ ಕುಕ್ಕರಗಾಲಲ್ಲಿ ಕೂತು, ಕಾವಲಿನವನು ಆಕಳಿಸಿ ಆ ಕಡೆ ತಿರುಗುವವರೆಗೆ ಉಸಿರು ಬಿಗಿಹಿಡಿಯಬೇಕು. ಬಲ್ಬು ಆರಿಸಬೇಕು, ಮತ್ತೆ ಕಾಯಬೇಕು. ಕರೆಂಟ್ ಹೋದರೆ ಗೆಳೆಯ ಬೈಯುತ್ತಿದ್ದ, ಫಿಶರ್ ಆಗಿದ್ದರೆ ಹಬ್ಬ ಮಾಡುತ್ತಿದ್ದ.

ಸರಣಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ಬರೆದವರು ಡೆರೆಕ್ ಕೋಲ್‌ಸ್ಟಾಡ್. 'ಜಾನ್ ವಿಕ್' ಅನ್ನುವ ಹೊಡೆದಾಟದ ಸಿನಿಮಾ ಬರೆದವರು ಅಂದರೆ ಗುಂಡಿಗೆ ಬರ ಇರುವುದಿಲ್ಲ ಅಂತ ಗೊತ್ತಾಗುತ್ತದೆ ಅಲ್ವಾ? ಹಳೆಯ ಆಟಗಳಲ್ಲಿ ಮೈಕೆಲ್ ಐರನ್‌ಸೈಡ್ ಕೊಟ್ಟ ಗೊಗ್ಗರು ದನಿಯ ಜಾಗದಲ್ಲಿ ಈಗ ಲೀವ್ ಶ್ರೈಬರ್ ದನಿ. ಪರವಾಗಿಲ್ಲ, ಎರಡನೇ ಕಂತಿಗೆ ಕಿವಿ ಹೊಂದಿಕೊಂಡಿತು. ಚಿತ್ರಗಳಂತೂ ಚೆನ್ನಾಗಿವೆ. ಆದರೆ ಆಟದಲ್ಲಿ ಕಾಯುತ್ತಿದ್ದವನು ನಾನು. ಇಲ್ಲಿ ನನ್ನ ಪರವಾಗಿ ಫಿಶರ್ ಕಾಯುತ್ತಾನೆ, ಅದನ್ನೂ ಎಡಿಟರ್ ಕತ್ತರಿಸಿ ಮೂರು ಸೆಕೆಂಡಿಗೆ ಇಳಿಸುತ್ತಾರೆ. ನೆಂಟರ ಮನೆಯ ಊಟವನ್ನು ಫೋಟೋದಲ್ಲಿ ನೋಡಿದ ಹಾಗೆ.

ಅಮ್ಮನಿಗೆ ಈ ಕೊರಗೇನೂ ಇಲ್ಲ. ವಯಸ್ಸಾದ ಫಿಶರ್ ಕೆಲಸ ಬಿಟ್ಟು ಪೋಲೆಂಡ್‌ನ ಹಳ್ಳಿಯಲ್ಲಿ ಒಂಟಿ ಮನೆ ಮಾಡಿಕೊಂಡಿರುತ್ತಾನೆ. ಗಾಯಗೊಂಡ ಮೆಕೆನ್ನಾ ಅನ್ನುವ ಏಜೆಂಟ್ ಹುಡುಗಿ ಅಲ್ಲಿಗೆ ಬರುತ್ತಾಳೆ, ಇವನು ಮತ್ತೆ ಹೊರಡಬೇಕಾಗುತ್ತದೆ. ಅಮ್ಮ ಕೇಳಿದ್ದು ಒಂದೇ. "ಅವನು ಹೋದ್ರೆ ಮನೆ ಬಾಗಿಲು ನೋಡ್ಕೊಳ್ಳೋರ್ಯಾರು?"

ನಮ್ಮ ನಾಯಿಗೂ ಅದರದೇ ಅಭಿಪ್ರಾಯವಿತ್ತು. ಪರದೆಯಲ್ಲಿ ಗುಂಡು ಹಾರಿದಾಗಲೆಲ್ಲ ಬೊಗಳಿತು. ಪೋಸ್ಟ್‌ಮ್ಯಾನ್‌ಗೆ, ಬಿದ್ದ ತೆಂಗಿನ ಗರಿಗೆ, ಚಂದ್ರನಿಗೆ, ಎಲ್ಲದಕ್ಕೂ ಬೊಗಳುವ ಪ್ರಾಣಿ. ಐದನೇ ಕಂತಿಗೆ ಗುಡುಗು ಶುರುವಾಯಿತು. ಆರನೆಯದರ ನಡುವೆ ಕರೆಂಟ್ ಹೋಯಿತು. ಮಳೆ ತಗಡನ್ನು ಬಡಿಯತೊಡಗಿತು. ಲ್ಯಾಪ್‌ಟಾಪ್ ಓಡುತ್ತಿತ್ತು, ಆದರೆ ಒಂದಕ್ಷರ ಕೇಳಿಸಲಿಲ್ಲ. ನಾಯಿಯೂ ಯಾವಾಗಲೋ ಎದ್ದುಹೋಗಿತ್ತು. ಮುಚ್ಚಿಟ್ಟು ಮಲಗಿದೆವು.

ಬೆಳಿಗ್ಗೆ ಅಡುಗೆಮನೆಯ ಹಿಂದೆ, ಗೋಡೆಯಿಂದ ಆರೇಳು ಅಡಿ ದೂರದಲ್ಲಿ, ಬೋಗುಣಿಯಷ್ಟು ಅಗಲದ ಹೆಜ್ಜೆಗಳು. ಒಳಗೆಲ್ಲ ಮಳೆನೀರು ನಿಂತಿತ್ತು. ಆನೆಯ ಪಾದದಡಿ ಕೊಬ್ಬಿನ ಮೆತ್ತೆ ಇರುತ್ತದೆ, ಮೂರು ನಾಲ್ಕು ಟನ್ ತೂಕ ಹೊತ್ತರೂ ಸದ್ದಾಗದ ಹಾಗೆ. ಜೊತೆಗೆ ರಾತ್ರಿಯ ಮಳೆ. ಬಾಳೆ ಒಂಬತ್ತು ಬುಡ ಹೋಗಿತ್ತು, ಪಕ್ಕದ ಬೈನೆ ಮರವೂ ಅಡ್ಡಬಿದ್ದಿತ್ತು. ಅಷ್ಟು ದೊಡ್ಡ ಮರ ಮುರಿದದ್ದೂ ನಮಗೆ ಕೇಳಿರಲಿಲ್ಲ.

ಹುಡುಗ ಒಂದು ಹೆಜ್ಜೆಯೊಳಗೆ ತನ್ನ ಎರಡೂ ಕಾಲಿಟ್ಟು ನಿಂತ. "ಮಾವ, ನಾಯಿ ಯಾಕೆ ಬೊಗಳಲಿಲ್ಲ?"

ಹುಡುಕಿದೆವು. ಅಮ್ಮನ ಮಂಚದ ಕೆಳಗೆ, ಗೋಡೆಗೆ ಒತ್ತಿಕೊಂಡು, ಕಿವಿ ಮಡಚಿ ಮಲಗಿತ್ತು. ಕರೆದರೆ ಬಾಲ ಮಾತ್ರ ಅಲ್ಲಾಡಿಸಿತು. ಅದೂ ನೆಲಕ್ಕೆ ತಾಗದ ಹಾಗೆ.