ರಾಮೇಶ್ವರಕ್ಕೆ ಹೋದರೂ ಬಿಡದ ಗಾಳಿ

ನಾನು ದೊಡ್ಡಬಳ್ಳಾಪುರದವನು. ಆಷಾಢ ಬಂತೆಂದರೆ ನಮ್ಮೂರಲ್ಲಿ ಮದುವೆ ಮುಂಜಿಗೆ ರಜೆ, ಗಾಳಿಪಟಕ್ಕೆ ಸುಗ್ಗಿ. ಬಿದಿರಿನ ಕಡ್ಡಿ ಸೀಳಿ, ಹಳೇ ಪೇಪರಿಗೆ ಮೈದಾ ಅಂಟು ಬಳಿದು, ಅಮ್ಮನ ಸೀರೆಯ ಅಂಚು ಕದ್ದು ಬಾಲಂಗೋಚಿ ಕಟ್ಟಿ ಬೆಳೆದವನು ನಾನು. ಆ ವಿದ್ಯೆಗೆ ಇದ್ದದ್ದು ಒಂದೇ ಶಾಸ್ತ್ರ: ದಾರ ಬಿಡಬಾರದು. ಬೆರಳು ಕೊಯ್ದರೂ ಬಿಡಬಾರದು, ಹಿಂದೆ ಹಿಂದೆ ನಡೆದು ಚರಂಡಿಗೆ ಬಿದ್ದರೂ ಬಿಡಬಾರದು. ಎರಡೂ ನನಗೆ ಆಗಿದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಾರ್ಸೇ ಊರಿನ ಕಡಲಲ್ಲಿ ಜನ ಗಾಳಿಪಟ ಹಿಡಿದು ನೀರಿನ ಮೇಲೆ ಓಡುವುದನ್ನು ಮೊಬೈಲಿನಲ್ಲಿ ನೋಡಿದೆ. ಕೈಟ್‌ಸರ್ಫಿಂಗ್ ಅಂತೆ. ಇದಕ್ಕೆ ಚಿನ್ನದ ಪದಕ ಕೊಡುತ್ತಾರೆಂದು ಮೊದಲೇ ಗೊತ್ತಿದ್ದರೆ ನಮ್ಮಪ್ಪ ನನ್ನನ್ನು ಪಟದ ಸಮೇತ ಮನೆಗೆ ಎಳೆದು ತಂದು ಬಾರಿಸುತ್ತಿರಲಿಲ್ಲ. ನಲವತ್ತಮೂರರ ವಯಸ್ಸಲ್ಲಿ ಪದಕ ಬೇಡ, ಒಂದು ಫೋಟೊ ಸಾಕು ಅಂದುಕೊಂಡೆ. ಹುಡುಕಿದರೆ, ಇದನ್ನು ಕಲಿಸುವ ಜಾಗ ರಾಮೇಶ್ವರದಲ್ಲೇ ಇದೆ.

ರಾಮೇಶ್ವರ ಅಂದದ್ದೇ ತಡ, ಅತ್ತೆ ಸೂಟ್‌ಕೇಸ್ ಇಳಿಸಿದರು. ಹಿಂದಿನ ವರ್ಷ ಕಾಶಿಯಿಂದ ತಂದ ಗಂಗೆಯ ತಂಬಿಗೆ ದೇವರ ಮನೆಯಲ್ಲಿ ಕಾಯುತ್ತಿತ್ತು. ರಾಮನಾಥಸ್ವಾಮಿಗೆ ಅದರ ಅಭಿಷೇಕವಾಗದೆ ಕಾಶಿಯಾತ್ರೆ ಪೂರ್ತಿಯಾಗುವುದಿಲ್ಲ. ಕಾಶಿಯಲ್ಲಿ ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕಲ್ಲ, ಅತ್ತೆ ಹಾಗಲಕಾಯಿ ಬಿಟ್ಟು ಬಂದಿದ್ದರು. ಅವರಿಗೆ ಅದು ಅಷ್ಟೊಂದು ಇಷ್ಟವೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೆಂಡತಿ ಕ್ಯಾಲೆಂಡರ್ ತಿರುವಿ, "ಗುರುವಾರ ಭೀಮನ ಅಮಾವಾಸ್ಯೆ. ಅವತ್ತು ಬೆಳಿಗ್ಗೆ ಎಲ್ಲೂ ಹೋಗ್ಬೇಡಿ, ಪಾದಪೂಜೆ ಇದೆ" ಅಂದಳು. ಗಂಡನ ಆಯುಸ್ಸಿಗಾಗಿ ಮಾಡುವ ವ್ರತ. ಆ ವಾರವೇ ಅದು ಬಿದ್ದದ್ದು ಕಾಕತಾಳೀಯ ಅಂದುಕೊಂಡೆ.

ಮಧುರೆಯವರೆಗೆ ರೈಲು, ಅಲ್ಲಿಂದ ಕಾರು. ಪಾಂಬನ್ ರಸ್ತೆ ಸೇತುವೆಯ ಮೇಲೆ ಎಲ್ಲರ ಹಾಗೆ ನಾವೂ ಕಾರು ನಿಲ್ಲಿಸಿದೆವು. ಪಕ್ಕದಲ್ಲಿ 1914ರ ಹಳೇ ರೈಲು ಸೇತುವೆ, ಅದರ ಜೊತೆಗೆ 2025ರ ಏಪ್ರಿಲ್‌ನಲ್ಲಿ ಶುರುವಾದ ಹೊಸದು. ಹಳೇ ಸೇತುವೆಯ ಮೇಲೆ ಗಾಳಿ ಗಂಟೆಗೆ 58 ಕಿಲೋಮೀಟರ್ ದಾಟಿದರೆ ರೈಲಿಗೆ ಕೆಂಪು ದೀಪ ಬೀಳುತ್ತಿತ್ತಂತೆ. ಇದನ್ನು ಹೆಂಡತಿಗೆ ಗತ್ತಿನಿಂದ ವಿವರಿಸಲು ಬಾಯಿ ತೆರೆದೆ. ತಲೆಯ ಮೇಲಿದ್ದ ಹೊಸ ಟೋಪಿ ಪಾಕ್ ಕೊಲ್ಲಿಯ ಕಡೆ ಹೊರಟೇ ಹೋಯಿತು. ಇನ್ನೂರೈವತ್ತು ರೂಪಾಯಿ. ಕೆಂಪು ದೀಪ ನನಗೆ ಅಲ್ಲೇ ಕಾಣಬೇಕಿತ್ತು.

ನಮ್ಮ ಮಲೆನಾಡನ್ನು ತೋಯಿಸುವ ಮುಂಗಾರೇ ಇಲ್ಲಿಗೆ ಬರುವ ಹೊತ್ತಿಗೆ ಮಳೆಯನ್ನೆಲ್ಲ ಘಟ್ಟದಲ್ಲಿ ಖಾಲಿ ಮಾಡಿ ಬರೀ ಗಾಳಿಯಾಗಿರುತ್ತದೆ. ಈ ಕಡೆ ಮನ್ನಾರ್ ಕೊಲ್ಲಿ, ಆ ಕಡೆ ಪಾಕ್ ಕೊಲ್ಲಿ, ನಡುವೆ ನಾಲಿಗೆ ಚಾಚಿದ ಹಾಗೆ ಮರಳು. ಜೂನ್ ಜುಲೈಯಲ್ಲಿ ಗಾಳಿಗೆ ಬೇರೆ ಕೆಲಸವೇ ಇಲ್ಲ.

ಕಲಿಸುವವನು ಅಲ್ಲಿಯದೇ ಮೀನುಗಾರರ ಮನೆಯ ಹುಡುಗ, ನನ್ನ ಅರ್ಧ ವಯಸ್ಸು. ಪಾಠ ಇಂಗ್ಲಿಷಿನಲ್ಲಿ. ಪಟ ನೋಡಿದಾಗಲೇ ನನ್ನ ದೊಡ್ಡಬಳ್ಳಾಪುರದ ಜಂಬ ಅರ್ಧ ಇಳಿಯಿತು. ಹತ್ತು ಚದರ ಮೀಟರ್, ಅಂದರೆ ನಮ್ಮ ಅಡುಗೆಮನೆಯಷ್ಟು. ಬಿದಿರಿಲ್ಲ, ಅಂಚಿಗೆ ಪಂಪಿನಲ್ಲಿ ಗಾಳಿ ತುಂಬಬೇಕು. ಬಾಲಂಗೋಚಿ ಇಲ್ಲ. ನಾಲ್ಕು ದಾರ, ಒಂದೊಂದೂ ಇಪ್ಪತ್ತು ಮೀಟರಿಗೂ ಉದ್ದ. ದಾರದ ತುದಿ ಕೈಯಲ್ಲಿಲ್ಲ, ಸೊಂಟಕ್ಕೆ ಬಿಗಿದ ಪಟ್ಟಿಯ ಕೊಕ್ಕೆಯಲ್ಲಿ. ಕೈಯಲ್ಲಿರುವುದು ಸೈಕಲ್ ಹ್ಯಾಂಡಲ್ಲಿನಂಥ ಒಂದು ದಂಡ. ಹತ್ತಿರ ಎಳೆದುಕೊಂಡರೆ ಪಟಕ್ಕೆ ಬಲ ಬರುತ್ತದೆ. ಕೈಬಿಟ್ಟರೆ ಬಲ ಹೋಗುತ್ತದೆ.

"ಭಯ ಆದರೆ ಏನು ಮಾಡಬೇಕು?" ಅಂತ ಹುಡುಗ ಕೇಳಿದ.

"ಕೈ ಬಿಡಬೇಕು" ಅಂತ ಒಳ್ಳೇ ವಿದ್ಯಾರ್ಥಿಯ ಹಾಗೆ ಹೇಳಿದೆ.

ಮೊದಲ ದಿನ ಮರಳಿನ ಮೇಲೆ ಪುಟ್ಟ ಪಟದೊಂದಿಗೆ ಕಳೆಯಿತು. ಆಕಾಶ ಅಂದರೆ ಗಡಿಯಾರ: ಪಟ ನೆತ್ತಿಯ ಮೇಲೆ ಹನ್ನೆರಡು ಗಂಟೆಯಲ್ಲಿದ್ದರೆ ಸಾಧು, ಗಾಳಿ ಹೋಗುವ ದಿಕ್ಕಿಗೆ ತಗ್ಗಿದರೆ ರಾಕ್ಷಸ. ಗಾಳಿಯನ್ನು ಅಳೆಯುವುದು ನಾಟ್‌ನಲ್ಲಿ, ಅಂದರೆ ಗಂಟುಗಳಲ್ಲಿ. ಅವತ್ತು ಇಪ್ಪತ್ತು ಗಂಟು, ಗಂಟೆಗೆ 37 ಕಿಲೋಮೀಟರ್. "ಅಷ್ಟೇನಾ? ನನ್ನ ಸ್ಕೂಟರೇ ಅದಕ್ಕಿಂತ ಜೋರು" ಅಂದೆ. ಗಾಳಿಯ ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆಂದು ಹುಡುಗ ಮರಳಿನ ಮೇಲೆ ಬರೆದು ತೋರಿಸಿದ. ಬರೆದದ್ದನ್ನು ಗಾಳಿ ಅಳಿಸಿತು.

ಎರಡನೇ ದಿನ ಬೆಳಿಗ್ಗೆ ಹೆಂಡತಿ, ಅತ್ತೆ ದೇವಸ್ಥಾನದ 22 ತೀರ್ಥಗಳ ಸ್ನಾನಕ್ಕೆ ಹೊರಟರು, ನಾನು ಕಡಲಿಗೆ. ಸೊಂಟದವರೆಗಿನ ನೀರು, ದಡಕ್ಕೆ ಓರೆಯಾಗಿ ಬೀಸುವ ಗಾಳಿ. ನೀರಿನ ಮೇಲೆ ನಿಂತು ಜಾರುವ ಹಲಗೆ ಈಗಲೇ ಇಲ್ಲ. ಮೊದಲು ಪಟ ಹಿಡಿದು ಬರೀ ಮೈಯನ್ನು ನೀರಲ್ಲಿ ಎಳೆಸಿಕೊಳ್ಳುವ ಅಭ್ಯಾಸ. ಕನ್ನಡಕಕ್ಕೆ ದಾರ ಕಟ್ಟಿಕೊಳ್ಳಲು ಹುಡುಗ ಹೇಳಿದ. ಫೋಟೊದಲ್ಲಿ ರಿಟೈರಾದ ಹೆಡ್‌ಮಾಸ್ಟರ್ ಥರ ಕಾಣುತ್ತೇನೆಂದು ಬೇಡವೆಂದೆ.

ಹತ್ತು ನಿಮಿಷ ಚೆನ್ನಾಗಿಯೇ ಇತ್ತು. ಪಟ ಹನ್ನೊಂದಕ್ಕೆ ಹೋಯಿತು, ಒಂದಕ್ಕೆ ಬಂತು, ನಾನು ಎಮ್ಮೆಯ ಹಾಗೆ ತೇಲುತ್ತಾ ಹೋದೆ. ಆಮೇಲೆ ಪಟ ಎರಡು ಗಂಟೆ ಮುಟ್ಟಿತು, ನಾನು ಕಂಗಾಲಾದೆ. ಹುಡುಗನೂ ಕಂಗಾಲಾದ. ಕಂಗಾಲಾದವರು ಕಲಿತ ಭಾಷೆ ಮಾತಾಡುವುದಿಲ್ಲ. ಅವನ ಇಂಗ್ಲಿಷ್ ಅಲ್ಲೇ ಮುಳುಗಿ, ಹಿಂದಿನಿಂದ ತಮಿಳಿನಲ್ಲಿ ಕೂಗು ಬಂತು: "ವಿಡು! ವಿಡು!"

ಕಿವಿಯ ಮೇಲೆ ಹೆಲ್ಮೆಟ್, ಹೆಲ್ಮೆಟ್ಟಿನೊಳಗೆ ಗಾಳಿ. ನನಗೆ ಕೇಳಿಸಿದ್ದು "ಹಿಡಿ! ಹಿಡಿ!"

ಹಿಡಿದೆ. ಗೊತ್ತು, ತಮಿಳಿನ ವಿಡು ನಮ್ಮ ಬಿಡು. ತಮಿಳಿನ ಪಿಡಿ ನಮ್ಮ ಹಿಡಿ. ಹಳಗನ್ನಡದ ಪಕಾರ ಹೊಸಗನ್ನಡಕ್ಕೆ ಹಕಾರವಾಗುವುದನ್ನು ಪಿಯುಸಿಯಲ್ಲಿ ಬರೆದು ಐದಂಕ ತೆಗೆದವನು ನಾನು. ಆದರೆ ವ್ಯಾಕರಣ ನೆನಪಾಗಲು ಮೂಗಿನೊಳಗೆ ಉಪ್ಪುನೀರು ಇರಬಾರದು. ಅವನು ಕೂಗಿದಷ್ಟೂ ನಾನು ದಂಡವನ್ನು ಎದೆಗೆ ಅವುಚಿಕೊಂಡೆ. ನಲವತ್ತು ವರ್ಷದ ಆಷಾಢಗಳೆಲ್ಲ ಒಟ್ಟಾಗಿ ನನ್ನ ಹತ್ತು ಬೆರಳಿಗೆ ಬಂದು ಕೂತಿದ್ದವು.

ಮುಂದಿನದು ಬಹಳ ಬೇಗ ನಡೆಯಿತು. ನೀರು ಸೊಂಟದಿಂದ ಮೊಣಕಾಲಿಗೆ ಇಳಿಯಿತು, ಮೊಣಕಾಲಿನಿಂದ ಇಲ್ಲವಾಯಿತು. ಎಳೆತ ಮಾತ್ರ ಇತ್ತು. ಕನ್ನಡಕ ಎಲ್ಲೋ ಕಳಚಿಕೊಂಡಿತು. ಕೆಳಗೆ ಚಿಪ್ಪು, ಮರಳು, ಒಣಗಿದ ಪಾಚಿ ಒಂದರ ಹಿಂದೊಂದು ಹಾದುಹೋದವು. ಕೊನೆಗೆ ಪಟ ತಾನೇ ಗೋತಾ ಹೊಡೆದು ಮರಳಿಗೆ ಅಪ್ಪಳಿಸಿದಾಗ, ಮೆತ್ತಗಿನ, ಗರಿಗರಿಯಾದ, ಘಾಟು ಘಾಟಾದ ಏನೋ ಒಂದರ ಮೇಲೆ ಬೋರಲು ಬಿದ್ದಿದ್ದೆ. ಅಜ್ಜಿಯೊಬ್ಬಳು ಒಣಗಲು ಹಾಕಿದ್ದ ಮೀನು. ಕನ್ನಡಕವಿಲ್ಲದೆ ಅವಳ ಮುಖಭಾವ ಕಾಣಲಿಲ್ಲ. ಕಾಣದೇ ಇದ್ದದ್ದು ದೇವರ ದಯೆ. ಮೀನಿನ ಬೆಲೆ ಕೊಟ್ಟೆ. ಚಿಲ್ಲರೆಯ ಬದಲು ಅವಳು ನಾಲ್ಕು ಮೀನನ್ನೇ ಕಟ್ಟಿಕೊಟ್ಟಳು.

ಹುಡುಗ ಓಡಿ ಬಂದು, ಉಸಿರು ಬಿಟ್ಟು, ಮತ್ತೆ ಇಂಗ್ಲಿಷಿಗೆ ಮರಳಿ ಕೇಳಿದ: "ಸರ್, ವೈ ಹೋಲ್ಡಿಂಗ್?" ನಾನು ದೊಡ್ಡಬಳ್ಳಾಪುರದವನು ಅಂತ ಹೇಗೆ ವಿವರಿಸುವುದು?

ಲಾಡ್ಜಿನ ಬಾಗಿಲಲ್ಲಿ 22 ಬಾವಿಗಳ ಪುಣ್ಯ ಹೊತ್ತ ಅತ್ತೆ ನಿಂತಿದ್ದರು. ಒಂದೊಂದು ಬಾವಿಯ ನೀರಿಗೂ ಒಂದೊಂದು ರುಚಿ ಅಂತ ಹೇಳಲು ಶುರು ಮಾಡಿದವರು ಅರ್ಧಕ್ಕೆ ನಿಲ್ಲಿಸಿ ಮೂಗು ಮುಚ್ಚಿಕೊಂಡರು. ಅವರ ಮೂಗು ಈರುಳ್ಳಿಯನ್ನೂ ಎರಡು ಬೀದಿಯಾಚೆಯಿಂದ ಹಿಡಿಯುತ್ತದೆ. "ಇವರನ್ನೂ ಒಂದ್ಸಲ ಆ 22ಕ್ಕೂ ಕರ್ಕೊಂಡು ಹೋಗ್ಬಾರ್ದಾ" ಅಂತ ಮಗಳಿಗೆ ಹೇಳಿ ಒಳಗೆ ಹೋದರು. ಮೀನಿನ ಪೊಟ್ಟಣವನ್ನು ರಿಸೆಪ್ಷನ್ನಿನವನಿಗೆ ದಾನ ಮಾಡಿದೆ.

ಸಂಜೆ ಕನ್ನಡಕವಿಲ್ಲದೆಯೇ ಧನುಷ್ಕೋಡಿ ನೋಡಿಬಂದೆ. ಹೆಂಡತಿಯ ತೋಳು ಹಿಡಿದು ಕುಂಟುತ್ತಾ, ಮಸುಕು ಮಸುಕಾಗಿ ಚರ್ಚಿನ ಒಡಕಲು ಗೋಡೆಗಳು. 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತಕ್ಕೆ ಇಡೀ ಊರು, ಒಂದು ಪ್ಯಾಸೆಂಜರ್ ರೈಲು ಕೂಡ ಕಡಲ ಪಾಲಾದ ಜಾಗ. ಅಲ್ಲಿ ನಾನು ಗಾಳಿಯ ಬಗ್ಗೆ ಏನೂ ಮಾತಾಡಲಿಲ್ಲ.

ಗುರುವಾರ ನಮ್ಮ ಭೀಮನ ಅಮಾವಾಸ್ಯೆ, ತಮಿಳರಿಗೆ ಆಡಿ ಅಮಾವಾಸ್ಯೆ. ಅಗ್ನಿತೀರ್ಥದ ದಡದಲ್ಲಿ ತಮಿಳುನಾಡೇ ನೆರೆದಿತ್ತು. ಮೂರನೇ ದಿನದ ಪಾಠ ಕೈಬಿಟ್ಟು ನಾನು ಲಾಡ್ಜಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪಾದ ಚಾಚಿ ಕೂತಿದ್ದೆ. ಎದುರಿಗೆ ತಟ್ಟೆ, ಅರಿಸಿನ ಕುಂಕುಮ, ಬಕೆಟ್ಟಿನಲ್ಲಿ ನೀರು. ಹೆಂಡತಿ ಬಲಗಾಲು ತೊಳೆದಳು. ಎಡಗಾಲು ತೊಳೆಯುವಾಗ ಹಿಮ್ಮಡಿಯಲ್ಲಿ ಏನೋ ಕೈಗೆ ತಗುಲಿತು. "ಇದೇನ್ರೀ, ಚಿಪ್ಪಿನ ಚೂರು! ಹೀಗೇ ಇಟ್ಕೊಂಡು ಮಲಗಿದ್ರಾ?" ಅಂದವಳೇ ಸೆರಗಿನ ಪಿನ್ನು ಬಿಚ್ಚಿದಳು. ಅತ್ತೆ ದೂರದಿಂದಲೇ, ಮೂಗಿಗೆ ಸೆರಗು ಹಿಡಿದು, ಮೊಬೈಲಿನ ಟಾರ್ಚು ಹಾಕಿ ಬೆಳಕು ಕೊಟ್ಟರು.

ಪಿನ್ನು ಒಳಗಿಳಿಯಿತು. ನಾನು ಕುರ್ಚಿಯ ಎರಡೂ ಕೈ ಹಿಡಿದು ಕೂಗಿದೆ: "ಅಯ್ಯೋ ಬಿಡು! ಬಿಡೇ, ಬಿಡು!"

ಅವಳು ಕಾಲನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡು ಹೇಳಿದಳು, "ನನಗ್ಯಾಕೋ ಹಿಡಿ ಅಂತ ಕೇಳಿಸ್ತಾ ಇದೆ."