ಸ್ವಚ್ಛ ಅಂತ ಬರೆದಿದೆಯಲ್ಲ ಸರ್!

ಹೋಟೆಲ್ ರೂಮಿನ ಕಮೋಡಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿ ಹಾಕಿರುತ್ತಾರೆ, ನೋಡಿದ್ದೀರಲ್ವಾ? ‘ನಿಮ್ಮ ಸುರಕ್ಷತೆಗಾಗಿ ಶುದ್ಧೀಕರಿಸಲಾಗಿದೆ’ ಅಂತ ಅದರ ಮೇಲೆ ಅಚ್ಚಾಗಿರುತ್ತದೆ. ಹೊಸ ಕಟ್ಟಡದ ಉದ್ಘಾಟನೆಗೆ ರಿಬ್ಬನ್ ಕಟ್ಟಿದ ಹಾಗೆ. ನೀವು ಬರಬೇಕು, ಪಟ್ಟಿ ಹರಿಯಬೇಕು, ಆಮೇಲೆ ಕಾರ್ಯಕ್ರಮ. ಹರಿದು ನೋಡಿದರೆ ಒಳಗೆ ಹಳದಿ ಗೆರೆ ಹಾಗೇ ಇರುತ್ತದೆ. ಸೀಟಿನ ಅಂಚಿನಲ್ಲಿ ಒಂದು ಉದ್ದ ಕೂದಲು. ಪಟ್ಟಿಯನ್ನು ಆ ಕೂದಲಿನ ಮೇಲೆಯೇ ಹಾಕಿರುತ್ತಾರೆ, ಪಾಪ, ಹಾರಿಹೋಗದಿರಲಿ ಅಂತ.

ಉಜ್ಜಿ ತೊಳೆಯಲು ಐದು ನಿಮಿಷವಾದರೂ ಬೇಕು. ಪಟ್ಟಿ ಹಾಕಲು ಐದು ಸೆಕೆಂಡು ಸಾಕು. ಸ್ವಚ್ಛ ಮಾಡುವುದಕ್ಕಿಂತ ಸ್ವಚ್ಛವಾಗಿದೆ ಅಂತ ನಂಬಿಸುವುದು ಅಗ್ಗ. ಈ ಲೆಕ್ಕ ಹೋಟೆಲಿನವರಿಗೆ ಎಂದೋ ಕರಗತವಾಗಿದೆ.

ಟಾಯ್ಲೆಟ್ ಪೇಪರಿನ ತುದಿಯನ್ನೇ ನೋಡಿ. ತ್ರಿಕೋನಾಕಾರದಲ್ಲಿ ಚೂಪಾಗಿ ಮಡಚಿರುತ್ತಾರೆ. ಕೆಲಸ ಮುಗಿಯಿತು, ಬಾತ್‌ರೂಮ್ ತೊಳೆದಾಯಿತು ಅಂತ ಅದರ ಅರ್ಥವಂತೆ. ಸ್ವಲ್ಪ ಯೋಚನೆ ಮಾಡಿ. ಈಗಷ್ಟೇ ಕಮೋಡು ತೊಳೆದ ಕೈ ಅದೇ ಓಟದಲ್ಲಿ ಬಂದು ಆ ಕಾಗದವನ್ನು ಮುದ್ದಾಗಿ ಮಡಚಿದೆ. ಇನ್ನು ಹಾಸಿಗೆಯ ಮೇಲೆ ಟವೆಲಿನ ಎರಡು ಹಂಸಗಳು, ಕೊಕ್ಕಿಗೆ ಕೊಕ್ಕು ತಾಗಿಸಿ ಕೂತಿರುತ್ತವೆ. ನೀವು ಮುಖ ಒರೆಸಿಕೊಳ್ಳಬೇಕಾದ ಬಟ್ಟೆಯನ್ನು ಯಾರೋ ತಿರುಚಿ, ಒತ್ತಿ, ಕತ್ತು ನಿಲ್ಲದಿದ್ದಾಗ ಬಿಚ್ಚಿ ಮತ್ತೆ ತಿರುಚಿ ಹಂಸ ಮಾಡಿದ್ದಾರೆ. ಅಷ್ಟು ಹೊತ್ತಿನಲ್ಲಿ ಮಂಚದ ಕೆಳಗಿನ ಕಸ ಗುಡಿಸಬಹುದಿತ್ತು. ಆದರೆ ಮಂಚದ ಕೆಳಗೆ ಯಾರೂ ಫೋಟೋ ತೆಗೆಯುವುದಿಲ್ಲ, ಹಂಸದ ಫೋಟೋ ಎಲ್ಲರೂ ತೆಗೆಯುತ್ತಾರೆ.

ಬೆಡ್‌ಶೀಟಿನ ವಿಷಯದಲ್ಲಿ ಮಾತ್ರ ಒಂದು ಕಾಲದಲ್ಲಿ ನಿಜವಾದ ತಲೆ ಓಡಿತ್ತು. 1999ರಲ್ಲಿ ವೆಸ್ಟಿನ್ ಹೋಟೆಲಿನವರು ಅಪ್ಪಟ ಬಿಳಿಯ ಹಾಸಿಗೆ ತಂದರು. ಬಿಳಿ ಬಟ್ಟೆಯ ಮೇಲೆ ಕಲೆ ಅಡಗುವುದಿಲ್ಲ, ಬೇಕಾದಷ್ಟು ಬ್ಲೀಚ್ ಹಾಕಿ ಒಗೆಯಬಹುದು. ಜನ ಮೆಚ್ಚಿದರು, ಉಳಿದವರೂ ಹಿಂಬಾಲಿಸಿದರು. ಆಮೇಲೆ ಯಾರಿಗೋ ಬಿಳಿ ತುಂಬಾ ಬೋಳು ಅನ್ನಿಸಿತು. ಕಾಲಿನ ಕಡೆಗೆ ಅಡ್ಡಲಾಗಿ ಒಂದು ಬಣ್ಣದ ಬಟ್ಟೆ ಹಾಸಿದರು, ತಲೆಯ ಕಡೆಗೆ ನಾಲ್ಕು ಜರಿ ದಿಂಬು ಒಟ್ಟಿದರು. ಬಿಳಿ ಶೀಟು ಪ್ರತಿ ಅತಿಥಿಗೂ ಒಗೆದು ಬರುತ್ತದೆ ಅಂದುಕೊಳ್ಳೋಣ. ಈ ಬಣ್ಣದ ಬಟ್ಟೆ? ಅದರ ಮೇಲೆ ಎಲ್ಲರೂ ಬ್ಯಾಗು ಇಟ್ಟಿದ್ದಾರೆ, ಶೂ ಹಾಕಿದ ಕಾಲು ಚಾಚಿದ್ದಾರೆ, ಒದ್ದೆ ಕೈ ಒರೆಸಿದ್ದಾರೆ. ಅದು ಕಪ್ಪು ನೇರಳೆ ಬಣ್ಣದ್ದೇ ಯಾಕಿರುತ್ತದೆ ಅಂತ ಈಗ ಹೊಳೆಯಿತಲ್ಲ! ಮೇಲೆ ಥಳುಕು ಒಳಗೆ ಹುಳುಕು ಅಂದವರು ಹೋಟೆಲಿನಲ್ಲಿ ತಂಗಿದ್ದರೋ ಏನೋ. ಇಲ್ಲಿ ಥಳುಕೇ ಹುಳುಕು.

2012ರಲ್ಲಿ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದವರು 9 ಹೋಟೆಲ್ ಕೋಣೆಗಳ ಮೇಲ್ಮೈಗಳನ್ನು ಪರೀಕ್ಷಿಸಿದರು. ಸಣ್ಣ ಅಧ್ಯಯನವೇ. ಆದರೂ ರಾತ್ರಿ ನಿದ್ದೆ ಕೆಡಿಸಲು ಸಾಕು. ಕಮೋಡು, ಸಿಂಕು ಗಲೀಜಾಗಿರುತ್ತವೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ಅವುಗಳ ಸಾಲಿನಲ್ಲಿ ಬಂದು ನಿಂತದ್ದು ಟಿವಿ ರಿಮೋಟು ಮತ್ತು ಹಾಸಿಗೆ ಪಕ್ಕದ ದೀಪದ ಸ್ವಿಚ್ಚು. ಅತಿ ಕಡಿಮೆ ಬ್ಯಾಕ್ಟೀರಿಯಾ ಸಿಕ್ಕ ಜಾಗಗಳಲ್ಲಿ ಪರದೆಯ ಸರಳೂ ಒಂದು. ನೀವು ಅಷ್ಟೊಂದು ಹಣ ಕೊಟ್ಟು ರೂಮು ತಗೊಂಡಿದ್ದೀರಿ, ಪರದೆಯ ಸರಳು ಹಿಡಿದು ನೇತಾಡಿದರೆ ಯಾರೂ ಬೇಡ ಅನ್ನುವುದಿಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇತ್ತು. ಕೆಲಸದವರ ಗಾಡಿಯಲ್ಲಿರುವ ಸ್ಪಂಜು ಮತ್ತು ಮಾಪ್ ಕೂಡ ಬ್ಯಾಕ್ಟೀರಿಯಾದಿಂದ ತುಂಬಿದ್ದವು. ಅಂದರೆ ಒಂದು ಕೋಣೆಯ ಕೊಳೆ ಅಲ್ಲೇ ಕೊಳೆಯದೆ ಪಕ್ಕದ ಕೋಣೆಗೂ ಹೋಗಿ ಬರುವ ಸಾಧ್ಯತೆ. ಆದರೆ ಗಾಡಿ ತಳ್ಳುವವರನ್ನು ಬೈದು ಪ್ರಯೋಜನವಿಲ್ಲ. ಒಂದು ಪಾಳಿಯಲ್ಲಿ ಒಬ್ಬರಿಗೆ ಹದಿನಾಲ್ಕು, ಹದಿನೈದು ಕೋಣೆ ಹಂಚುವುದು ಈ ಉದ್ಯಮದಲ್ಲಿ ಮಾಮೂಲು. ಕೋಣೆಗೆ ಅರ್ಧ ಗಂಟೆ ಸಿಕ್ಕರೆ ಪುಣ್ಯ. ಅದರಲ್ಲೇ ಹಾಸಿಗೆ, ಬಾತ್‌ರೂಮ್, ಕಸ, ಧೂಳು ಎಲ್ಲವೂ ಆಗಬೇಕು. ಜತೆಗೆ ಹಂಸವೂ ಆಗಬೇಕು. ಹಂಸ ಇಲ್ಲದಿದ್ದರೆ ಸೂಪರ್‌ವೈಸರ್ ಬೈಯುತ್ತಾರೆ. ರಿಮೋಟು ಒರೆಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ನೀವಿದ್ದರೆ ಯಾವುದನ್ನು ಬಿಡುತ್ತಿದ್ದಿರಿ?

ಕೋಣೆ ಶುಚಿ ಮಾಡಬೇಕು ಅನ್ನುವ ನೆಪದಲ್ಲೇ ದಿನವನ್ನೂ ಕತ್ತರಿಸಿದ್ದಾರೆ. ಒಳಗೆ ಬರುವುದು ಮಧ್ಯಾಹ್ನ ಎರಡಕ್ಕೆ, ಖಾಲಿ ಮಾಡುವುದು ಬೆಳಿಗ್ಗೆ ಹನ್ನೊಂದಕ್ಕೆ. ಭೂಮಿಗೆ ಒಂದು ಸುತ್ತು ಬರಲು 24 ಗಂಟೆ ಬೇಕು, ಹೋಟೆಲಿಗೆ 21 ಸಾಕು. ಬೆಳಿಗ್ಗೆಯೇ ಬಂದಿಳಿದವರು ಲಾಬಿಯ ಸೋಫಾದಲ್ಲಿ ಬ್ಯಾಗು ತಬ್ಬಿಕೊಂಡು ತೂಕಡಿಸುತ್ತಿರುತ್ತಾರೆ. ಕೇಳಿದರೆ, ‘ರೂಮ್ ರೆಡಿ ಆಗ್ತಾ ಇದೆ ಸರ್, ಹೌಸ್‌ಕೀಪಿಂಗ್ ನಡೀತಾ ಇದೆ.’ ಮೂರು ಗಂಟೆ ತೊಳೆದರಲ್ಲ, ಇನ್ನು ನೆಲದಲ್ಲಿ ಮುಖ ಕಾಣಬಹುದು ಅಂತ ಒಳಗೆ ಹೋದರೆ ಸೋಪಿಗೆ ಅಂಟಿಕೊಂಡ ಕೂದಲು ಕಾಣುತ್ತದೆ.

ನಕ್ಷತ್ರ ನೋಡಿ ಬುಕ್ ಮಾಡಬೇಕಿತ್ತು ಅನ್ನುವವರಿದ್ದಾರೆ. ಇಡೀ ಜಗತ್ತಿಗೆ ನಕ್ಷತ್ರ ಹಂಚುವ ಒಂದೇ ಸಂಸ್ಥೆ ಅಂತ ಯಾವುದೂ ಇಲ್ಲ. ಒಂದು ದೇಶದ ಮೂರು ಇನ್ನೊಂದು ದೇಶದ ನಾಲ್ಕಾಗಬಹುದು. ಅಷ್ಟೇ ಅಲ್ಲ, ನಕ್ಷತ್ರದ ಲೆಕ್ಕದಲ್ಲಿ ದೊಡ್ಡ ಪಾಲು ಸೌಕರ್ಯಗಳ ಪಟ್ಟಿಗೇ ಹೋಗುತ್ತದೆ. ಲಿಫ್ಟ್ ಇದೆಯೇ, ಇದೆ. ರಿಸೆಪ್ಷನ್‌ನಲ್ಲಿ ದಿನವಿಡೀ ಜನ ಇರುತ್ತಾರೆಯೇ, ಇರುತ್ತಾರೆ. ಮಿನಿ ಬಾರ್ ಇದೆಯೇ, ಇದೆ. ತಪಾಸಣೆಗೆ ಬಂದವರು ಹೋದ ಮಾರನೆಯ ದಿನ ಪರದೆ ಒಗೆದರೋ ಇಲ್ಲವೋ ಅನ್ನುವುದಕ್ಕೆ ನಕ್ಷತ್ರ ಹೊಣೆಯಲ್ಲ. 1999ರಲ್ಲಿ ದುಬೈಯ ಬುರ್ಜ್ ಅಲ್ ಅರಬ್ ತೆರೆದಾಗ ಅದಕ್ಕೆ ಏಳು ನಕ್ಷತ್ರ ಅಂತ ಹೆಸರು ಬಂತು. ಅಂಥ ದರ್ಜೆಯೇ ಅಧಿಕೃತವಾಗಿ ಇಲ್ಲ, ಸಾಮಾನ್ಯವಾಗಿ ಐದೇ ಕೊನೆ. ಬಾಯಿಂದ ಬಾಯಿಗೆ ಹೋಗಿ ಎರಡು ನಕ್ಷತ್ರ ಹುಟ್ಟಿದವು. ಆಕಾಶದಲ್ಲಿ ಒಂದು ನಕ್ಷತ್ರ ಹುಟ್ಟಲು ಎಷ್ಟು ಕಷ್ಟ ಇದೆ!

ಸ್ನಾನ ಮಾಡಿ ಟವೆಲಿಗೆ ಕೈ ಹಾಕಿದರೆ ಅಲ್ಲೊಂದು ಹಸಿರು ಕಾರ್ಡು. ಭೂಮಿ ಉಳಿಸಿ, ಟವೆಲನ್ನು ಮತ್ತೆ ಬಳಸಿ. ಇದರಲ್ಲಿ ತಪ್ಪೇನಿಲ್ಲ, ಮನೆಯಲ್ಲಿ ಯಾರೂ ದಿನಕ್ಕೊಂದು ಟವೆಲ್ ಬಳಸುವುದಿಲ್ಲ. ಆದರೆ ಲಾಬಿಯಲ್ಲಿ ಹಲ್ಲು ಕಟಕಟ ಅನ್ನುವಷ್ಟು ಏಸಿ, ಹಗಲಲ್ಲೂ ಉರಿಯುವ ಇನ್ನೂರು ದೀಪ, ಅಂಗಳದಲ್ಲಿ ಕಾರಂಜಿ. ಭೂಮಿ ಉಳಿಸುವ ಭಾರ ಮಾತ್ರ ನಿಮ್ಮ ಟವೆಲಿನ ಮೇಲೆ. ಈ ಕಾರ್ಡಿನ ಮೇಲೆ ಸಂಶೋಧನೆಯೂ ನಡೆದಿದೆ. 2008ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಬರೀ ಪರಿಸರ ಉಳಿಸಿ ಅಂದಾಗ ಸುಮಾರು ನೂರಕ್ಕೆ 37 ಮಂದಿ ಟವೆಲ್ ಮತ್ತೆ ಬಳಸಿದರು. ‘ಇದೇ ಕೋಣೆಯಲ್ಲಿ ತಂಗಿದ್ದವರಲ್ಲಿ ಹೆಚ್ಚಿನವರು ಟವೆಲನ್ನು ಮತ್ತೆ ಬಳಸಿದ್ದಾರೆ’ ಅಂತ ಬರೆದಾಗ ಅದು 49ಕ್ಕೆ ಏರಿತು. ಸಂಶೋಧಕರು ಇದನ್ನು ಮನುಷ್ಯನ ಅನುಕರಣೆ ಗುಣ ಅಂದರು. ನಾನಾಗಿದ್ದರೆ ಆ ವಾಕ್ಯ ಓದಿದ ಕೂಡಲೇ ಟವೆಲ್ ಕೆಳಗಿಡುತ್ತಿದ್ದೆ. ಇದೇ ಕೋಣೆಯವರು ಮತ್ತೆ ಬಳಸಿದ್ದು ಯಾವ ಟವೆಲನ್ನು? ಇದನ್ನೇ ಅಲ್ಲ ತಾನೇ?

ಶಾಂಪೂವಿನ ಪುಟ್ಟ ಬಾಟಲಿಗಳೂ ಮಾಯವಾಗುತ್ತಿವೆ. ಪ್ಲಾಸ್ಟಿಕ್ ಉಳಿತಾಯ, ಒಳ್ಳೆಯದೇ. ಗೋಡೆಗೆ ಬಿಗಿದ ದೊಡ್ಡ ಬಾಟಲಿ ಬಂದಿದೆ. ಅಕ್ಷರ ಅಳಿಸಿಹೋಗಿರುವುದರಿಂದ ಯಾವುದು ಶಾಂಪೂ, ಯಾವುದು ಲೋಷನ್ ಅನ್ನುವುದು ತಲೆಗೆ ಹಾಕಿದ ಮೇಲೆ ತಿಳಿಯುತ್ತದೆ.

ಹಿಂದಿನವರು ದಡ್ಡರೇನಲ್ಲ. 1898ರಲ್ಲಿ ಸೀಸರ್ ರಿಟ್ಜ್ ಪ್ಯಾರಿಸ್ಸಿನಲ್ಲಿ ಹೋಟೆಲ್ ತೆರೆದಾಗ ಗೋಡೆಗೆ ಕಾಗದ ಅಂಟಿಸದೆ ಬಣ್ಣ ಬಳಿಸಿದ. ತೊಳೆಯಬಹುದಲ್ಲ, ಅದಕ್ಕೆ. ಹಿತ್ತಾಳೆಯ ಮಂಚ ಹಾಕಿಸಿದ್ದೂ ಅದೇ ಕಾರಣಕ್ಕೆ. 1908ರಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅಮೆರಿಕದ ಬಫಲೋದಲ್ಲಿ ಕಟ್ಟಿಸಿದ ಹೋಟೆಲಿನಲ್ಲಿ ಪ್ರತಿ ಕೋಣೆಗೂ ಸ್ವಂತ ಬಾತ್‌ರೂಮ್ ಇತ್ತು. ದೀಪದ ಸ್ವಿಚ್ಚು ಬಾಗಿಲ ಪಕ್ಕದಲ್ಲೇ ಇತ್ತು, ಕತ್ತಲಲ್ಲಿ ಅತಿಥಿ ತಡಕಾಡಬಾರದು ಅಂತ. ಶತಮಾನ ಕಳೆಯಿತು. ಈಗ ಮಂಚದ ಪಕ್ಕ ಹನ್ನೆರಡು ಗುಂಡಿಗಳ ಒಂದು ಫಲಕ. ಮಲಗಲು ಒಂದು ಒತ್ತಿದರೆ ಪರದೆ ತೆರೆಯುತ್ತದೆ. ಇನ್ನೊಂದು ಒತ್ತಿದರೆ ಬಾತ್‌ರೂಮಿನ ಕನ್ನಡಿ ಹೊಳೆಯುತ್ತದೆ. ಎಲ್ಲಾ ಆರಿದ ಮೇಲೂ ಚಾವಣಿಯ ಮೂಲೆಯಲ್ಲಿ ಒಂದು ನೀಲಿ ದೀಪ ಉಳಿಯುತ್ತದೆ. ಅದರ ಸ್ವಿಚ್ಚು ಎಲ್ಲಿದೆ ಅಂತ ರಿಸೆಪ್ಷನ್‌ನವರಿಗೂ ಗೊತ್ತಿಲ್ಲ. ‘ಅದು ಆಂಬಿಯನ್ಸ್ ಲೈಟು ಸರ್’ ಅನ್ನುತ್ತಾರೆ.

ನಿದ್ದೆ ಬರದವರಿಗೆ ಜತೆ ಕೊಡಲು ತಿಗಣೆಗಳಿವೆ. ಐದರಿಂದ ಏಳು ಮಿಲಿಮೀಟರ್ ಉದ್ದದ, ಚಪ್ಪಟೆ ಮೈಯ ಜೀವ. ಹಾಸಿಗೆಯ ಹೊಲಿಗೆಯ ಸಂದಿನಲ್ಲಿ ಸಂಸಾರ ಹೂಡುತ್ತದೆ. ರಕ್ತ ಸಿಗದಿದ್ದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಹೋಟೆಲಿಗೆ ಎಷ್ಟು ನಕ್ಷತ್ರ ಅಂತ ಅದು ಕೇಳುವುದಿಲ್ಲ, ಈ ಒಂದು ವಿಷಯದಲ್ಲಿ ಅದು ನಮಗಿಂತ ಬುದ್ಧಿವಂತ. ಬೆಳಿಗ್ಗೆ ಸಾಲಾಗಿ ಕೆಂಪಗೆ ಎದ್ದ ತೋಳು ತೋರಿಸಿದರೆ ಕೌಂಟರಿನಲ್ಲಿ ತಯಾರಾದ ಉತ್ತರವಿದೆ. ‘ನಮ್ಮಲ್ಲಿ ಇಲ್ಲ ಸರ್, ನಿಮ್ಮ ಲಗೇಜಲ್ಲಿ ಬಂದಿರಬೇಕು.’ ತಿಗಣೆ ಲಗೇಜಿನಲ್ಲಿ ಪ್ರಯಾಣ ಮಾಡುವುದು ನಿಜ. ಹಾಗಾಗಿ ಈ ಉತ್ತರವನ್ನು ಸುಳ್ಳು ಅಂತ ಸಾಬೀತು ಮಾಡಲೂ ಆಗುವುದಿಲ್ಲ. ಅದಕ್ಕೇ ರೂಮಿಗೆ ಕಾಲಿಟ್ಟ ಕೂಡಲೇ ಬ್ಯಾಗನ್ನು ಬಾತ್‌ರೂಮಿನ ಒಣ ನೆಲದ ಮೇಲಿಟ್ಟು, ಶೀಟು ಎತ್ತಿ, ಹಾಸಿಗೆಯ ಮೂಲೆಗಳಿಗೆ ಮೊಬೈಲ್ ಟಾರ್ಚ್ ಬಿಡಿ. ಕಪ್ಪು ಚುಕ್ಕೆ ಕಂಡರೆ ರೂಮು ಬದಲಿಸಲು ಹೇಳಿ, ಪಕ್ಕದ್ದು ಬೇಡ. ಇದು ಹಾಸ್ಯವಲ್ಲ, ಇಷ್ಟು ಮಾತ್ರ ನಿಜಕ್ಕೂ ಮಾಡಿ.

ಇಷ್ಟೆಲ್ಲ ಮುಗಿಸಿ ಹೊರಡುವಾಗ ಅತಿಥಿಗೂ ಒಂದು ಸರದಿ ಬರುತ್ತದೆ. ಬಿಲ್ಲಿನ ಜತೆ ಒಂದು ಕ್ಯೂಆರ್ ಕೋಡ್, ‘ನಮಗೆ ಐದು ಸ್ಟಾರ್ ಕೊಡಿ ಸರ್, ಪ್ಲೀಸ್.’ ಎದುರಿಗೆ ನಿಂತು ಕೇಳುತ್ತಾರೆ, ಮುಖ ನೋಡಿ ಎರಡು ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಮುಂದಿನವರು ಆ ಐದನ್ನು ನಂಬಿ ಬುಕ್ ಮಾಡುತ್ತಾರೆ. ಅಪರೂಪಕ್ಕೆ ಒಬ್ಬರು ಧೈರ್ಯ ಮಾಡಿ, ಹಾಸಿಗೆಯಲ್ಲಿ ತಿಗಣೆ ಇತ್ತು, ಬಿಸಿನೀರು ಬರಲಿಲ್ಲ, ದಿಂಬು ಬೆವರು ನಾರುತ್ತಿತ್ತು ಅಂತ ಇದ್ದದ್ದು ಇದ್ದ ಹಾಗೆ ಬರೆಯುತ್ತಾರೆ. ಅದರ ಕೆಳಗೆ ಒಂದೇ ಗಂಟೆಯಲ್ಲಿ ಮ್ಯಾನೇಜರ್ ಉತ್ತರ ಬರುತ್ತದೆ. ‘ಪ್ರಿಯ ಅತಿಥಿಗಳೇ, ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಿಮ್ಮನ್ನು ಮತ್ತೊಮ್ಮೆ ಬರಮಾಡಿಕೊಳ್ಳಲು ನಾವೆಲ್ಲರೂ ಕಾತರದಿಂದ ಕಾಯುತ್ತಿದ್ದೇವೆ.’

ಆ ‘ನಾವೆಲ್ಲರೂ’ ಅನ್ನುವುದರಲ್ಲಿ ಹಾಸಿಗೆಯ ಹೊಲಿಗೆಯೊಳಗೆ ಉಪವಾಸ ಕೂತವರೂ ಸೇರಿದ್ದಾರೆಯೇ ಅಂತ ಕೇಳಿದರೆ, ಅದಕ್ಕೂ ಧನ್ಯವಾದ ಹೇಳಿಯಾರು.